ಅಳಿವೆ ಬಾಗಿಲಿನ ಊರುಗಳು

ಗೋವಾ ಗಡಿಯ ಮಾಜಾಳಿಯಿಂದ ಮಂಗಳೂರಿನತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟವರು ಬಲಗಡೆಯ ಕಿಟಕಿ ಹಿಡಿಯುತ್ತಾರೆ, ಕಡಲು ಕಾಣಲಿ ಎಂದು. ಕಡಲು ಕಾಣುವುದು ಕಾರವಾರದಲ್ಲಿ ಒಂದಿಷ್ಟು, ಮರವಂತೆಯಲ್ಲಿ ಒಂದಿಷ್ಟು. ಉಳಿದಂತೆ ತೆಂಗಿನ ತೋಟ, ಗುಡ್ಡ ಕಡಿದ ಕೆಂಪು ಗೋಡೆ, ಪೇಟೆಯ ಅಂಗಡಿ ಸಾಲು. ಈ ದಾರಿಯಲ್ಲಿ ಮತ್ತೆ ಮತ್ತೆ ಎದುರಾಗುವುದು ಹೊಳೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ, ಸೌಪರ್ಣಿಕಾ, ಸೀತಾ, ಸುವರ್ಣಾ, ಉದ್ಯಾವರ, ಶಾಂಭವಿ, ಗುರುಪುರ, ನೇತ್ರಾವತಿ. ಸೇತುವೆ ಬಂದಾಗ ಬಸ್ಸಿನೊಳಗೆ ತಂಪು ಗಾಳಿ ನುಗ್ಗುತ್ತದೆ, ಅರೆನಿಮಿಷ ಎರಡೂ ಕಡೆ ನೀರೇ ನೀರು, ಮತ್ತೆ ತೋಟ. ಕರಾವಳಿಗೆ ರಜೆಗೆಂದು ಬರುವವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಬೀಚಿನ ಪಟ್ಟಿ ಬದಿಗಿಟ್ಟು ಈ ಸೇತುವೆಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಅಲ್ಲಿಂದ ಹೊಳೆಯ ಜೊತೆಗೇ ಪಡುವಣಕ್ಕೆ ಇಳಿದರೆ ಸಿಗುವ ಅಳಿವೆಯೇ ಇಲ್ಲಿನ ಊರುಗಳ ಚೆಲುವಿನ ಮೂಲ.

ಇಲ್ಲಿನ ಹಳೆಯ ಪೇಟೆಗಳೆಲ್ಲ ಹೆಚ್ಚುಕಡಿಮೆ ಅಳಿವೆಯ ಮಗ್ಗುಲಲ್ಲೇ ಹುಟ್ಟಿದವು. ಕಾರಣ ಸರಳ. ನೇರ ಕಡಲತಡಿಯಲ್ಲಿ ದೋಣಿ ಕಟ್ಟಲು ಮರೆ ಇಲ್ಲ, ಅಳಿವೆಯೊಳಗೆ ಇದೆ. ಘಟ್ಟದ ಮೆಣಸು, ಏಲಕ್ಕಿ, ಅಕ್ಕಿ, ಮರ ಎಲ್ಲವೂ ಹೊಳೆಯಲ್ಲೇ ಇಳಿದು ಬರುತ್ತಿದ್ದವು. ಹಡಗು ಹೊರಗೆ ಲಂಗರು ಹಾಕಿ ನಿಂತರೆ, ಸಣ್ಣ ದೋಣಿಗಳು ಒಳಗಿಂದ ಸರಕು ಮುಟ್ಟಿಸುತ್ತಿದ್ದವು. ಸಹ್ಯಾದ್ರಿ ಇಲ್ಲಿ ಕಡಲಿಗೆ ತೀರ ಹತ್ತಿರ, ಮಳೆಯೂ ವಿಪರೀತ. ಹಾಗಾಗಿ ಹೊಳೆಗಳು ಉದ್ದದಲ್ಲಿ ಚಿಕ್ಕವು, ರಭಸದಲ್ಲಿ ದೊಡ್ಡವು. ಅವು ಕಡಲ ಬುಡಕ್ಕೆ ಬರುವಾಗ ಅಲೆಗಳು ಹೊತ್ತು ತಂದ ಮರಳು ಬಾಯಿಗೆ ಅಡ್ಡ ನಿಲ್ಲುತ್ತದೆ. ನೇರ ಹೋಗಲಾಗದ ಹೊಳೆ ಕಡಲಿಗೆ ಸಮಾನಾಂತರವಾಗಿ ಹರಿದು, ಸಂದು ಸಿಕ್ಕಲ್ಲಿ ಹೊರಬೀಳುತ್ತದೆ. ನಡುವೆ ಉಳಿದ ಮರಳಿನ ನಾಲಗೆಯೇ ಕೋಡಿ, ಬೆಂಗ್ರೆ. ಹೊಳೆಯ ನಡುವೆ ಉಳಿದ ನೆಲ ಕುದ್ರು. ಮಳೆಗಾಲದ ನೆರೆ ಒಮ್ಮೊಮ್ಮೆ ಈ ಲೆಕ್ಕವನ್ನೇ ಬದಲಿಸಿ ಅಳಿವೆಯನ್ನು ಬೇರೆಡೆಗೆ ಸರಿಸಿಬಿಡುವುದೂ ಉಂಟು.

ಬರುವ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ. ಅಕ್ಟೋಬರಿನಲ್ಲಿ ಬೆಟ್ಟಗಳ ಹಸಿರು ಇನ್ನೂ ಆರಿರುವುದಿಲ್ಲ, ಕಡಲು ಮಾತ್ರ ತಣಿದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಿಸಿಲು ನಿಚ್ಚಳ, ಬೆಳಗಿನ ಜಾವ ತೆಳ್ಳನೆಯ ಚಳಿ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲ ಕಡೆಯಿಂದ ಗಾಳಿ ಏಳುತ್ತದೆ, ರಾತ್ರಿ ಅದೇ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಾರ್ಚ್ ದಾಟಿದರೆ ಬೆವರು ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿಯಿಡುವ ಕಾಲ, ಕಡಲೂ ಕೆರಳಿರುವ ಕಾಲ. ಮಳೆಗಾಲದ ಕರಾವಳಿಗೆ ಅದರದೇ ಸೊಗಸಿದೆ ನಿಜ, ಆದರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ತಳ್ಳಿದ್ದನ್ನು ಕಂಡ ಮೇಲೆ ಜುಲೈಯಲ್ಲಿ ಬನ್ನಿ ಎಂದು ಯಾರಿಗೂ ಹೇಳಲಾರೆ.

ಒಂದೇ ಅಳಿವೆ ನೋಡಲು ಸಾಧ್ಯ ಎನ್ನುವವರಿಗೆ ನನ್ನ ಉತ್ತರ ಅಘನಾಶಿನಿ. ಕುಮಟಾ ಪೇಟೆಯಲ್ಲಿ ಕೋಣೆ ಹಿಡಿದು ನಾಲ್ಕು ದಿನ ಇದ್ದರೂ ಮುಗಿಯದ ಜಾಗ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಅಣೆಕಟ್ಟು ಇಲ್ಲದೆ ಕಡಲು ಸೇರುವ ಹೊಳೆ ಇದು. ಮಿರ್ಜಾನ್ ದಾಟಿದ ಮೇಲೆ ಅಗಲವಾಗಿ ಹರಡಿಕೊಂಡು, ಕಡಲಿನ ಉಪ್ಪುನೀರನ್ನು ದಿನಕ್ಕೆರಡು ಸಲ ಒಳಗೆ ಕರೆದು ಎರಡು ಸಲ ಹೊರಗೆ ಬಿಡುತ್ತದೆ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಅಂದರೆ ರಾಮ್ಸರ್ ತಾಣವಾಗಿ ಘೋಷಿತವಾಯಿತು. ಕಾಗದದ ಮೇಲಿನ ಆ ಮಾನ್ಯತೆಗೆ ಎಷ್ಟೋ ಮೊದಲೇ ಇಲ್ಲಿನ ಜನ ಇದನ್ನು ಕಾದುಕೊಂಡಿದ್ದರು. ಅಳಿವೆಯ ದಡದ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಘಟ್ಟದ ಮೇಲಿನವರೂ ಕೆಳಗಿನವರೂ ಒಟ್ಟಾಗಿ ನಿಂತು ಬೇಡವೆಂದರು. ಸ್ಥಾವರ ಬರಲಿಲ್ಲ. ಇವತ್ತು ನಾವು ಅಲ್ಲಿ ನಿಂತು ನೋಡುವ ನೀಲಿ ನೀರು ಆ ಹೋರಾಟ ಉಳಿಸಿಕೊಟ್ಟದ್ದು.

ಇಳಿತದ ಹೊತ್ತಿಗೆ ದಡಕ್ಕೆ ಹೋಗಬೇಕು. ನೀರು ಸರಿದು ಕೆಸರು ಬಯಲಾದಂತೆ ಹೆಂಗಸರು ಬುಟ್ಟಿ ಹಿಡಿದು ಸೊಂಟದುದ್ದದ ನೀರಿಗೆ ಇಳಿಯುತ್ತಾರೆ. ಕಾಲಿನಿಂದ ತಡವಿ, ಕೈಯಿಂದ ಬಾಚಿ ಬಳಚು ತೆಗೆಯುತ್ತಾರೆ. ಬೆನ್ನು ಬಗ್ಗಿಸಿದವರು ಗಂಟೆಗಟ್ಟಲೆ ಎತ್ತುವುದಿಲ್ಲ. ಸಂಜೆ ಕುಮಟಾದ ಮೀನುಪೇಟೆಗೆ, ಮರುದಿನ ಗೋವೆಗೆ ಹೋಗುವ ಈ ಚಿಪ್ಪುಮೀನು ಇಲ್ಲಿನ ನೂರಾರು ಮನೆಗಳ ಒಲೆ ಉರಿಸುತ್ತದೆ. ಉಬ್ಬರ-ಇಳಿತದ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಳಿತ ಹೆಚ್ಚು. ಗಡಿಯಾರಕ್ಕಿಂತ ಪಂಚಾಂಗ ನೋಡಿ ಹೊರಡುವ ಊರು ಇದು. ಉಳಿದ ಸಮಯದಲ್ಲಿ ಹೋದರೆ ಬರಿಯ ನೀರು ಕಂಡು, ಏನೂ ಇಲ್ಲವೆಂದು ಹಿಂದಿರುಗುವ ಅಪಾಯವಿದೆ.

ಅಳಿವೆಯ ಅಂಚಿನ ತಗ್ಗು ಗದ್ದೆಗಳು ಗಜನಿ. ಮಳೆಗಾಲದಲ್ಲಿ ಸಿಹಿನೀರು ತುಂಬಿ ಉಪ್ಪಿನಂಶ ಇಳಿದಾಗ ಇಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪು ತಡೆಯುವ, ನೆರೆಯಲ್ಲಿ ಮುಳುಗಿದರೂ ಬದುಕುವ, ಆಳೆತ್ತರಕ್ಕೆ ಬೆಳೆಯುವ ತಳಿ. ಗೊಬ್ಬರ ಬೇಡ, ಔಷಧ ಬೇಡ. ಮಳೆ ಮುಗಿದು ತೆನೆ ಕೊಯ್ದ ಮೇಲೆ ಕಟ್ಟಿನ ಹಲಗೆ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಉಳಿದ ಕೂಳೆ ಕೊಳೆತು ಸಿಗಡಿಗೂ ಮೀನಿಗೂ ಆಹಾರವಾಗುತ್ತದೆ. ಅದೇ ಗದ್ದೆಯಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಮಾಣಿಕಟ್ಟಾದ ರೈತರು ಈ ಬೇಸಾಯವನ್ನು ಇನ್ನೂ ಒಟ್ಟಾಗಿ ಉಳಿಸಿಕೊಂಡಿದ್ದಾರೆ. ಬೇರೆಡೆ ಕಟ್ಟು ಒಡೆದು, ಗದ್ದೆ ಸಿಗಡಿ ಕೆರೆಯಾಗಿ, ಕಗ್ಗ ಕಾಣೆಯಾಗುತ್ತಿದೆ. ಚಳಿಗಾಲದ ಬೆಳಗಿನಲ್ಲಿ ಈ ಕಟ್ಟಿನ ಮೇಲೆ ನಡೆದರೆ ಒಂದು ಕಡೆ ಕೊಕ್ಕರೆ, ಕಡಲಕಾಗೆಗಳ ಹಿಂಡು, ಇನ್ನೊಂದು ಕಡೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಗಾಢ ಹಸಿರು. ಟಿಕೆಟಿಲ್ಲ, ಫಲಕವಿಲ್ಲ. ಕರಾವಳಿಯ ಅತಿ ಸುಂದರ ನಡಿಗೆ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ.

ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಸಾಣಿಕಟ್ಟಾ. ಜನವರಿ ದಾಟಿದ ಮೇಲೆ ಬಿಸಿಲು ಬಲಿತಂತೆ ಇಲ್ಲಿನ ಆಗರಗಳಲ್ಲಿ ಉಪ್ಪು ಹೆಪ್ಪುಗಟ್ಟತೊಡಗುತ್ತದೆ. ಅಳಿವೆಯ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲಿಗೆ ಕಾಯಿಸಿ, ಹಲಗೆಯಲ್ಲಿ ಬಳಿದು ರಾಶಿ ಹಾಕುತ್ತಾರೆ. ತುಸು ಮಣ್ಣುಬಣ್ಣದ ಈ ಹರಳುಪ್ಪಿಲ್ಲದೆ ಇಲ್ಲಿನ ಮನೆಗಳಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕುವುದಿಲ್ಲ. 1930ರಲ್ಲಿ ಅಂಕೋಲಾದ ಜನ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದದ್ದು ಇಲ್ಲಿಂದ ಉತ್ತರಕ್ಕೆ, ಹೆಚ್ಚು ದೂರವಿಲ್ಲದ ಕಡೆ. ಉಪ್ಪು ಈ ಸೀಮೆಗೆ ಬರೀ ರುಚಿಯ ವಿಷಯ ಆಗಿರಲಿಲ್ಲ ಎಂಬುದು ಆಗರದ ಬದಿಯಲ್ಲಿ ನಿಂತಾಗ ತಿಳಿಯುತ್ತದೆ. ಪಕ್ಕದ ಹನೇಹಳ್ಳಿ ಯಶವಂತ ಚಿತ್ತಾಲರ ಊರು. ಅವರ ಕತೆಗಳನ್ನು ಓದಿಕೊಂಡು ಬಂದವರಿಗೆ ಈ ಗದ್ದೆಬಯಲು, ಈ ಬೇಲಿ, ಈ ಓಣಿ ಎಲ್ಲಕ್ಕೂ ಇನ್ನೊಂದು ಆಳ ಒದಗುತ್ತದೆ.

ತದಡಿಯಿಂದ ಎದುರು ದಡದ ಅಘನಾಶಿನಿ ಎಂಬ ಊರಿಗೆ ಬಾರ್ಜ್ ಇದೆ. ಬೈಕು, ಮೀನುಬುಟ್ಟಿ, ಶಾಲೆಯ ಮಕ್ಕಳು, ಮದುವೆಗೆ ಹೊರಟವರು ಎಲ್ಲರೂ ಅದರಲ್ಲೇ. ದಾಟುವ ಆ ಕೆಲವು ನಿಮಿಷಗಳಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿದರೆ ಸಾಕು, ಒಂದು ಬದಿಗೆ ಘಟ್ಟದ ನೀಲಿ ಸಾಲು, ಇನ್ನೊಂದು ಬದಿಗೆ ಕಡಲಿನ ನೊರೆ ಗೆರೆ. ಹೊಳೆಯ ಮೇಲ್ಭಾಗದಲ್ಲಿ ಮಿರ್ಜಾನ್ ಕೋಟೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಪಾಚಿ ಹತ್ತಿದ ಜಂಬಿಟ್ಟಿಗೆ ಗೋಡೆಗಳ ಮೇಲೆ ನಿಂತಾಗ ಆ ಮೆಣಸು ಯಾವ ಹೊಳೆಯಲ್ಲಿ ಇಳಿದು ಯಾವ ಬಾಗಿಲಿನಿಂದ ಹೊರಹೋಯಿತು ಎಂಬುದು ಕಣ್ಣೆದುರೇ ಇರುತ್ತದೆ. ಕುಮಟಾ ಪೇಟೆಯೂ ಅಂಥದೇ ವ್ಯಾಪಾರದಿಂದ ಬೆಳೆದದ್ದು. ಧಾರವಾಡ ಸೀಮೆಯ ಹತ್ತಿ ಇಲ್ಲಿಂದ ಹಡಗು ಹತ್ತಿ ಇಂಗ್ಲೆಂಡ್ ಮುಟ್ಟುತ್ತಿದ್ದುದರಿಂದ, 19ನೇ ಶತಮಾನದ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು.

ಗೋಕರ್ಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರೂ ಹೋಗುತ್ತಾರೆ. ಓಂ ಬೀಚು, ಕುಡ್ಲೆ ಬೀಚುಗಳಿಗೆ ಶನಿವಾರ ಭಾನುವಾರ ಬೆಂಗಳೂರಿನ ಅರ್ಧ ಇಳಿದಿರುತ್ತದೆ. ವಾರದ ನಡುವಿನ ದಿನಗಳಲ್ಲಿ ಹೋಗಿ. ಮಹಾಬಲೇಶ್ವರ ದೇವಸ್ಥಾನದ ರಥಬೀದಿ, ಕೋಟಿತೀರ್ಥದ ಸುತ್ತಲಿನ ಹಳೆಯ ಮನೆಗಳು, ಜಗಲಿಗಳು, ವೇದಪಾಠದ ಧ್ವನಿ, ಹೂವು ತರುವ ಹಾಲಕ್ಕಿ ಒಕ್ಕಲಿಗ ಹೆಂಗಸರು. ಬೀಚಿಗೆ ಬಂದವರು ಈ ಬೀದಿಗಳನ್ನು ದಾಟಿಯೂ ಹೋಗದೆ ಹಿಂದಿರುಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ದಕ್ಷಿಣಕ್ಕೆ ಹೊನ್ನಾವರ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ ಹುಡುಗಿಯರ 13 ಶಾಲೆಗಳನ್ನೂ ಹುಡುಗರ 23 ಶಾಲೆಗಳನ್ನೂ ಕಂಡದ್ದಾಗಿ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಅಷ್ಟು ಸಂಪನ್ನ ಬಂದರಾಗಿತ್ತು. ಶರಾವತಿ ಇಲ್ಲಿ ಅಗಲವಾಗಿ, ಕುದ್ರುಗಳ ನಡುವೆ ಹಂಚಿಕೊಂಡು ಕಡಲು ಸೇರುತ್ತದೆ. ಕಾಸರಕೋಡಿನ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡಿಗೆ ಹಾದಿಯಿದೆ. ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುವುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದೇ ಕಾಸರಕೋಡಿನ ಕಡಲತಡಿಗೆ 2020ರಲ್ಲಿ, ಸ್ವಚ್ಛ ಕಡಲತಡಿಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು.

ಆದರೆ ಅಘನಾಶಿನಿಯನ್ನು ನೋಡಿ ಬಂದ ಕಣ್ಣಿಗೆ ಇಲ್ಲಿ ಒಂದು ಕೊರತೆ ಕಾಣುತ್ತದೆ. ಎರಡು ಅಳಿವೆಗಳ ನಡುವಿನ ದೂರ ಹೆಚ್ಚಿಲ್ಲ, ಹೊಳೆ ಎರಡೂ ಘಟ್ಟದವೇ, ಆದರೂ ಇಲ್ಲಿ ಬಳಚು ತೆಗೆಯುವ ಆ ಸಡಗರವಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರು ಅಳಿವೆಗೆ ಇಳಿಯುತ್ತಲೇ ಇರುವುದರಿಂದ ಬೇಸಿಗೆಯಲ್ಲಿ ಏರಬೇಕಾದ ಉಪ್ಪಿನಂಶ ಏರುವುದಿಲ್ಲ. ಉಪ್ಪು ಬೇಕಾದ ಚಿಪ್ಪುಮೀನು, ಉಪ್ಪು ಬೇಕಾದ ಕಾಂಡ್ಲಾ, ಎರಡೂ ಹಿಂದೆ ಸರಿದವು. ರಾಜ್ಯಕ್ಕೆಲ್ಲ ದೀಪ ಹಚ್ಚಿದ ಹೊಳೆಯ ಕೊನೆಯಲ್ಲಿ ಮೀನುಗಾರರು ತೆತ್ತ ಬೆಲೆ ಇದು. ಅದನ್ನು ತಿಳಿದು ನೋಡಿದರೆ ಹೊನ್ನಾವರದ ಚೆಲುವು ಕಡಿಮೆಯಾಗುವುದಿಲ್ಲ, ಅದರ ಬಗ್ಗೆ ನಮ್ಮ ಕಾಳಜಿ ಹೆಚ್ಚಾಗುತ್ತದೆ. ನವೆಂಬರಿನಿಂದ ಮೇ ತನಕ ಈ ಸೀಮೆಯಲ್ಲಿ ಯಕ್ಷಗಾನದ ಕಾಲ. ಕೆರೆಮನೆ ಮನೆತನದ ಇಡಗುಂಜಿ ಮೇಳ ಹುಟ್ಟಿದ್ದು ಹೊನ್ನಾವರದ ಆಸುಪಾಸಿನಲ್ಲೇ, 1934ರಲ್ಲಿ. ರಾತ್ರಿ ಎಲ್ಲಾದರೂ ಚೆಂಡೆ ಕೇಳಿಸಿದರೆ ಹಿಂಜರಿಯದೆ ಹೋಗಿ ಕುಳಿತುಕೊಳ್ಳಿ. ಕರೆಯೋಲೆ ಯಾರೂ ಕೇಳುವುದಿಲ್ಲ.

ಉತ್ತರದ ತುದಿಯ ಕಾರವಾರ ಬೇರೆಯೇ ಬಗೆ. ಬೆಟ್ಟಗಳು ಕಡಲಿಗೆ ಇಳಿದು ಕೊಲ್ಲಿ ಕಟ್ಟಿಕೊಟ್ಟಿವೆ, ಎದುರಿಗೆ ದ್ವೀಪಗಳು, ದೇವಗಡದ ದೀಪಸ್ತಂಭ. ಹತ್ತಿ ವ್ಯಾಪಾರಕ್ಕೆ ಒಳ್ಳೆಯ ಬಂದರು ಬೇಕೆಂಬ ಒತ್ತಾಯದಿಂದ ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿ, ಕಾರವಾರ ಜಿಲ್ಲೆಯ ಕೇಂದ್ರವಾಯಿತು. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ಕವಿ ಅಣ್ಣನ ಮನೆಗೆ ಬಂದಿದ್ದಾಗ ಒಂದು ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋಗಿ, ಮರಳುವಾಗ ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲೇ. ಆ ಮರಳದಂಡೆಗೆ ಈಗ ಅವರದೇ ಹೆಸರು. ಅದರ ಮೇಲೆ ಯುದ್ಧನೌಕೆ ಚಾಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಕಾಳಿಗೆ ಅಡ್ಡಲಾಗಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದುಬಿತ್ತು. ನೌಕಾನೆಲೆಗಾಗಿ ಕಾರವಾರ, ಅಂಕೋಲಾಗಳ ನಡುವಿನ ಎಷ್ಟೋ ಕಡಲತಡಿಯ ಹಳ್ಳಿಗಳು ಎದ್ದುಹೋದವು. ಆ ಹಳ್ಳಿಗಳವರು ಹೊಸ ಜಾಗಗಳಲ್ಲಿ ಬದುಕು ಕಟ್ಟಿಕೊಂಡಿದ್ದಾರೆ, ಅವರ ಕಡಲು ಮಾತ್ರ ಈಗ ಬೇಲಿಯಾಚೆ.

ಭಟ್ಕಳವನ್ನು ಪ್ರವಾಸಿಗರು ಸಾಮಾನ್ಯವಾಗಿ ಬಿಟ್ಟೇ ಹೋಗುತ್ತಾರೆ. ಬಿಡಬೇಡಿ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಶರಾಬಿ ಹೊಳೆಯ ಬದಿಯಲ್ಲಿ ನವಾಯತ ಮುಸ್ಲಿಮರ ಹಳೆಯ ಮನೆಗಳು, ಮಸೀದಿಗಳು, ಪೇಟೆಯೊಳಗೆ ಕಲ್ಲಿನ ಚಂದ್ರನಾಥೇಶ್ವರ ಬಸದಿ, ಊರಾಚೆ ನುಣುಪು ಕೆತ್ತನೆಯ ಖೇತಪೈ ನಾರಾಯಣ ದೇವಸ್ಥಾನ. ಕೊಂಕಣಿಯ ಜೊತೆ ಅರಬ್ಬಿ, ಪಾರ್ಸಿ ಬೆರೆತ ನವಾಯತಿ ಮಾತು ಬೀದಿಯಲ್ಲಿ ಕೇಳಿಸುತ್ತದೆ. ಬೆಳಗ್ಗೆ ಮಲ್ಲಿಗೆ ಚೆಂಡು, ಮಧ್ಯಾಹ್ನ ಈರುಳ್ಳಿ ಮಸಾಲೆ ದಟ್ಟವಾಗಿ ಹತ್ತಿದ ಬಿರಿಯಾನಿ, ಇಷ್ಟಕ್ಕೇ ಇಳಿದರೂ ನಷ್ಟವಿಲ್ಲ.

ಮುರ್ಡೇಶ್ವರದ 123 ಅಡಿ ಶಿವ, ಎತ್ತರದ ಗೋಪುರ ಎಲ್ಲರಿಗೂ ಗೊತ್ತು. ಅಲ್ಲಿನ ಕಡಲಿನ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ನೀರುಪಾಲಾದರು. ಬಯಲುಸೀಮೆಯಿಂದ ಮೊದಲ ಸಲ ಕಡಲು ಕಂಡ ಮಕ್ಕಳು. ದಡಕ್ಕೆ ಬಡಿದ ನೀರು ಮರಳುವಾಗ ಒಂದೇ ಓಣಿಯಲ್ಲಿ ರಭಸವಾಗಿ ಹಿಂದಕ್ಕೆ ಹರಿಯುತ್ತದೆ. ಎರಡು ಬದಿಗೆ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ಶಾಂತವಾಗಿ ಕಂಡರೆ ಅದೇ ಆ ಓಣಿ ಇರಬಹುದು. ಈಜು ಬರುವವರನ್ನೂ ಎಳೆದೊಯ್ಯುವ ಸೆಳೆತ. ಸಿಕ್ಕಿಬಿದ್ದರೆ ದಡದತ್ತ ನೇರ ಈಜದೆ, ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಅಳಿವೆಯ ಬಾಯಲ್ಲಂತೂ, ನೀರು ಎಷ್ಟೇ ಆಳವಿಲ್ಲದಂತೆ ಕಂಡರೂ, ಇಳಿತದ ಹೊತ್ತಿನಲ್ಲಿ ಕಾಲಿಡಲೇಬಾರದು. ಜೀವರಕ್ಷಕರು, ಮೀನುಗಾರರು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಮಕ್ಕಳನ್ನು ಪ್ರವಾಸ ಕರೆತರುವ ಮೇಷ್ಟ್ರುಗಳು ಇದನ್ನು ಬಸ್ಸಿನಲ್ಲೇ ಹೇಳಿ ಇಳಿಸಬೇಕು.

ಮುಂದಿನದು ಕುಂದಾಪುರ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಐದೂ ಕೂಡಿ ಕಡಲು ಸೇರುವ ಪಂಚಗಂಗಾವಳಿ ಇಲ್ಲಿದೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲಿಗೆ ಪಂಚಗಂಗಾ ಎಂಬ ಹೆಸರು ಬಂದದ್ದು ಈ ಹೊಳೆಗಳಿಂದ. ಕೋಡಿಯ ತುದಿಯಲ್ಲಿ ನಿಂತರೆ ಎದುರು ದಡದ ಗಂಗೊಳ್ಳಿ ಬಂದರಿನ ದೋಣಿಗಳ ಬಣ್ಣ ಕಾಣುವಷ್ಟು ಹತ್ತಿರ. ರಸ್ತೆಯಲ್ಲಿ ಹೋದರೆ ಮಾತ್ರ 15 ಕಿ.ಮೀ. ಆಸುಪಾಸಿನ ಸುತ್ತು. ಆ ಸುತ್ತಿನಲ್ಲೇ ಮರವಂತೆಗೂ ಹೋಗಿಬರಬಹುದು. ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕೆ, ಅದರಾಚೆ ಕೊಡಚಾದ್ರಿಯ ಸಾಲು. ಬಂದವರೆಲ್ಲ ಕಡಲ ಕಡೆಗೇ ಇಳಿಯುತ್ತಾರೆ. ಬೆಳಗ್ಗೆ ಏಳರ ಹೊತ್ತಿಗೆ ಹೊಳೆಯ ಕಡೆ ನಿಂತು ನೋಡಿ. ಇಲ್ಲಿನ ಮರಳು ಎಷ್ಟು ಕೊರೆದುಹೋಗಿದೆಯೆಂದರೆ ರಸ್ತೆ ಉಳಿಸಿಕೊಳ್ಳಲು ಕಲ್ಲುಬಂಡೆ ಪೇರಿಸಬೇಕಾಗಿದೆ. ಕುಂದಗನ್ನಡದ ಸೊಗಡು ಕೇಳಬೇಕೆಂದರೆ ಸಂತೆಯ ದಿನ ಪೇಟೆಗೆ ಹೋಗಬೇಕು. ಊಟಕ್ಕೆ ಕೋಳಿ ಸಾರು, ನೀರುದೋಸೆ. ಸ್ವಲ್ಪ ದಕ್ಷಿಣಕ್ಕೆ ಕೋಟ, 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ‘ಮರಳಿ ಮಣ್ಣಿಗೆ’ ನಡೆಯುವುದು ಹೊಳೆಗೂ ಕಡಲಿಗೂ ನಡುವಿನ ಕೋಡಿಯಲ್ಲೇ. ಅಂಥ ನೆಲದಲ್ಲಿ ಬೇಸಾಯ ಎಂದರೆ ಏನು ಎಂಬುದು ಕಾದಂಬರಿ ಓದಿ ಬಂದವರಿಗೆ ಬೇರೆ ಹೇಳಬೇಕಾಗಿಲ್ಲ.

ಸೀತಾ, ಸುವರ್ಣಾ ಎರಡೂ ಕೂಡಿ ಕಡಲಿಗಿಳಿಯುವ ಕೋಡಿಬೆಂಗ್ರೆ ನನಗೆ ಅಘನಾಶಿನಿಯ ನಂತರ ಅತ್ಯಂತ ಪ್ರಿಯವಾದ ಜಾಗ. ಕೆಮ್ಮಣ್ಣಿನ ಕಡೆಯಿಂದ ಉತ್ತರಕ್ಕೆ ಹೋಗುವ ಕಿರಿದಾದ ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ. ನೆಲದ ಅಗಲ ಕೆಲವೆಡೆ ಒಂದೆರಡು ಮನೆ, ಒಂದು ಹಿತ್ತಲು, ನಾಲ್ಕು ತೆಂಗಿನಮರಗಳಷ್ಟೇ. ತುದಿಗೆ ಬಂದರೆ ಮೂರು ನೀರುಗಳೂ ಒಟ್ಟಿಗೆ. ಎದುರಿಗೆ ಹಂಗಾರಕಟ್ಟೆ, ಹಿಂದೆ ಹೆಂಚು ಸುಡುತ್ತಿದ್ದ, ಹಡಗು ಕಟ್ಟುತ್ತಿದ್ದ ಊರು. ಮೇಲ್ಗಡೆ ಸೀತೆಯ ದಡದಲ್ಲಿ ಆಳುಪ ಅರಸರ ಬಾರಕೂರು. ಬೆಳಗ್ಗೆ ಇಲ್ಲಿ ಕೈರಂಪಣಿ ಎಳೆಯುವವರು ಸಿಕ್ಕರೆ ನಿಂತು ನೋಡಿ. ದೋಣಿಯಲ್ಲಿ ಅರ್ಧವೃತ್ತವಾಗಿ ಬಲೆ ಬಿಟ್ಟು ಬಂದು ಎರಡೂ ತುದಿಯನ್ನು ದಡದಿಂದ ಎಳೆಯುತ್ತಾರೆ. ಒಂದು ಕಾಲಕ್ಕೆ ರಂಪಣಿ ಬಲೆ ಎಳೆಯಲು ಊರಿಗೆ ಊರೇ ಸೇರುತ್ತಿತ್ತು, ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು, ಬಂಗುಡೆ, ಬೂತಾಯಿ ಹಿಂಡು ದಡ ಮುಟ್ಟುವ ಮೊದಲೇ ಹಿಡಿಯತೊಡಗಿದ ಮೇಲೆ ಆ ದೊಡ್ಡ ರಂಪಣಿ ಮುಗಿಯಿತು. ಈಗ ಉಳಿದಿರುವ ಕೈರಂಪಣಿ ಅದರ ಕಿರಿಯ ರೂಪ. ಎಳೆಯಲು ನೀವೂ ಕೈಹಾಕಿದರೆ ಬೇಡವೆನ್ನುವುದಿಲ್ಲ.

ಮಲ್ಪೆಯಲ್ಲಿ ನೋಡಬೇಕಾದದ್ದು ನಸುಕಿನ ಬಂದರು. ಟ್ರಾಲ್ ದೋಣಿಗಳು ಒಂದಕ್ಕೊಂದು ತಾಗಿ ನಿಂತು, ಮೀನು ದಕ್ಕೆಗೆ ಇಳಿದು, ಏಲಂ ಕೂಗು ಎದ್ದು, ಬಿಸಿಲೇರುವ ಮೊದಲೇ ಎಲ್ಲ ಲಾರಿ ಹತ್ತಿರುತ್ತದೆ. ಬುಟ್ಟಿ ಹೊತ್ತ ಮೊಗವೀರ ಹೆಂಗಸರಿಗೆ ದಾರಿ ಬಿಡಬೇಕು, ಅವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಒಂದು ಮಾತು ಕೇಳಬೇಕು. 2018ರ ಡಿಸೆಂಬರಿನಲ್ಲಿ ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿಯೊಂದಿಗೆ ಮರಳಲಿಲ್ಲ. ನಮ್ಮ ತಟ್ಟೆಯ ಮೀನಿನ ಹಿಂದೆ ಆ ಲೆಕ್ಕವೂ ಇದೆ. ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಇಲ್ಲಿಂದಲೇ ಹೊರಡುತ್ತದೆ. ಅಲ್ಲಿನ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ತಣಿದು ಸೀಳಿದ್ದರಿಂದ ಆದವು. ಹಲವು ಕಂಬಗಳಿಗೆ ಆರು ಮುಖ. ತಣಿಯುವ ಕಲ್ಲು ಸಮನಾಗಿ ಕುಗ್ಗುವಾಗ ಬಿರುಕು ಹಾಗೆ ಕೂಡಿಕೊಳ್ಳುತ್ತದೆ. ಮರಳಿಗಿಂತ ಚಿಪ್ಪೇ ಹೆಚ್ಚಿರುವ ದಡ, ಚಪ್ಪಲಿ ಕಳಚಬೇಡಿ.

ದಕ್ಷಿಣಕ್ಕೆ ಕಾಪುವಿನ ದೀಪಸ್ತಂಭ 1901ರದು. ಬಂಡೆಯ ಮೇಲೆ ಹತ್ತಿ ನಿಂತರೆ ಸಂಜೆ ಚೆನ್ನ. ಮುಲ್ಕಿಯ ಬಳಿ ಶಾಂಭವಿ, ನಂದಿನಿ ಕೂಡುವಲ್ಲಿ ಸಸಿಹಿತ್ಲು, ಅಲೆಯ ಮೇಲೆ ಹಲಗೆ ಸವಾರಿ ಕಲಿಯುವ ಹುಡುಗ ಹುಡುಗಿಯರ ತಾಣ. ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿ ಹತ್ತಿದರೆ ಪಟ್ಟಣದ ಗದ್ದಲ ಗುರುಪುರ ಹೊಳೆಯ ಆಚೆ ಉಳಿಯುತ್ತದೆ. ಗುರುಪುರವೂ ನೇತ್ರಾವತಿಯೂ ಎದುರುಬದುರಾಗಿ ಬಂದು ಒಂದೇ ಅಳಿವೆಯಲ್ಲಿ ಕಡಲಿಗಿಳಿಯುವ ಊರು ಇದು. ಆಚೆ ದಡ ರಾಣಿ ಅಬ್ಬಕ್ಕನ ಉಳ್ಳಾಲ. ಅಲ್ಲಿ ಕಡಲ್ಕೊರೆತ ವರ್ಷ ವರ್ಷವೂ ಮನೆಗಳನ್ನು ನುಂಗುತ್ತಿದೆ. ಮಳೆಗಾಲದ ಪತ್ರಿಕೆಗಳಲ್ಲಿ ಅರ್ಧ ಕಡಲಿಗೆ ವಾಲಿದ ಗೋಡೆಗಳ ಚಿತ್ರ ನೀವೂ ನೋಡಿರುತ್ತೀರಿ. ಒಂದು ಕಡೆ ಕಲ್ಲು ಹಾಕಿ ತಡೆದರೆ ಮರಳಿನ ಓಟ ತಪ್ಪಿ ಇನ್ನೊಂದು ಕಡೆ ಕೊರೆಯುತ್ತದೆ. ಅಲೆ, ಮರಳು, ಹೊಳೆ ಮೂರರ ನಡುವಿನ ಕೊಡುಕೊಳ್ಳುವಿಕೆ ತಿಳಿಯದೆ ಕಟ್ಟಿದ್ದೆಲ್ಲ ಹೀಗೇ ಆಗುವುದು.

ಆದ್ದರಿಂದ ಉಳಿಯುವ ಜಾಗ ಆರಿಸುವಾಗಲೂ ಯೋಚಿಸಬೇಕು. ಮರಳ ಮೇಲೇ ಗೋಡೆ ಎಬ್ಬಿಸಿದ ರೆಸಾರ್ಟುಗಳಿಗೆ ಹೋಗದಿರಿ ಎಂಬುದು ನನ್ನ ನೇರ ವಿನಂತಿ. ಪೇಟೆಯೊಳಗಿನ ವಸತಿಗೃಹ, ತೋಟದ ಮನೆಯ ಹೋಮ್‌ಸ್ಟೇ ಕೇಳಿ. ಅಲ್ಲಿ ಊಟ ಮನೆಯದೇ, ಮೀನು ಅಂದಿನದೇ, ಮೀನು ತಿನ್ನದವರಿಗೆ ತಂಬುಳಿ, ಅಪ್ಪೆಹುಳಿ. ಸಿಗಡಿಯೇ ಬೇಕು, ಅಂಜಲೇ ಬೇಕು ಎನ್ನದೆ ಇವತ್ತು ಯಾವುದು ಬಂದಿದೆ ಎಂದು ವಿಚಾರಿಸಿ ತಿನ್ನಿ. ಬೂತಾಯಿ, ನಂಗು, ಕಾಣೆ, ಬಳಚು ಏನಿದ್ದರೂ ಅದೇ ಒಳ್ಳೆಯದು. ಹಿಂದಿರುಗುವಾಗ ಸಾಣಿಕಟ್ಟಾದ ಉಪ್ಪು, ಸಿಕ್ಕರೆ ಕಗ್ಗದ ಅಕ್ಕಿ, ಮೇ ತಿಂಗಳಾದರೆ ಅಂಕೋಲಾದ ಕರಿ ಇಷಾಡ ಮಾವು ಕೊಳ್ಳಿ. ಆ ಹಣ ಅಳಿವೆಯನ್ನು ಕಾಯುವವರ ಕೈಗೇ ಹೋಗುತ್ತದೆ.

ಕೊಂಕಣ ರೈಲಿನಲ್ಲಿ ಬರುವುದು ಸುಲಭ. ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ ಎಲ್ಲಕ್ಕೂ ನಿಲ್ದಾಣಗಳಿವೆ, ಅಲ್ಲಿಂದ ರಿಕ್ಷಾ, ಲೋಕಲ್ ಬಸ್ಸು. ಹೊಳೆ ದಾಟುವ ಬಾರ್ಜು, ದೋಣಿಗಳ ಸಮಯ ಉಬ್ಬರ-ಇಳಿತ ನೋಡಿ ಬದಲಾಗುವುದುಂಟು. ಆಚೆ ದಡಕ್ಕೆ ಇಳಿದ ಕೂಡಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಮುಂದೆ ಹೋಗಿ, ತಪ್ಪಿದರೆ ಸೇತುವೆ ಸುತ್ತಿ ಬರುವ ದಾರಿ ಬಹಳ ದೂರ.